ಓವನ್ ಇಲ್ಲದೆ ಮೆತ್ತನೆಯ ಯೀಸ್ಟ್ ರೊಟ್ಟಿ

ಯೀಸ್ಟ್ ಹಾಕಿದ ಹಿಟ್ಟೆಂದರೆ ಓವನ್ ಬೇಕೇ ಬೇಕು ಎಂದು ಹಲವರು ಆ ಗೋಜಿಗೇ ಹೋಗುವುದಿಲ್ಲ. ದಪ್ಪ ತಳದ ಬಾಣಲೆ ಅಥವಾ ಬೀಡಿನ ಕಾವಲಿ ಇದ್ದರೆ ಸಾಕು, ಉಬ್ಬಿ ಬಂದು ಮಡಚಿದರೂ ಮುರಿಯದ ರೊಟ್ಟಿಯನ್ನು ಒಲೆಯ ಮೇಲೆಯೇ ಬೇಯಿಸಬಹುದು. ನಿಮ್ಮ ಕೈಕೆಲಸ ಮುಕ್ಕಾಲು ಗಂಟೆಯಷ್ಟು. ಉಳಿದ ಹೊತ್ತು ಯೀಸ್ಟ್ ತನ್ನ ಪಾಡಿಗೆ ದುಡಿಯುತ್ತದೆ.

ಎಂಟು ರೊಟ್ಟಿಗಳಿಗೆ ಬೇಕಾದದ್ದು ಇಷ್ಟು: 300 ಗ್ರಾಂ ಮೈದಾ, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ, 190 ಮಿ.ಲೀ. ಉಗುರುಬೆಚ್ಚಗಿನ ನೀರು. ನೀರಿನಲ್ಲಿ 50 ಮಿ.ಲೀ.ಯಷ್ಟನ್ನು ಕಡಿಮೆ ಮಾಡಿ ಅದರ ಬದಲು ಹಾಲು ಹಾಕಿದರೆ ರೊಟ್ಟಿ ಇನ್ನಷ್ಟು ಮೆತ್ತಗಾಗುತ್ತದೆ. ಮೈದಾದ ಮೂರನೇ ಒಂದು ಭಾಗದಷ್ಟು ಗೋಧಿ ಹಿಟ್ಟು ಬಳಸಲೂ ಅಡ್ಡಿಯಿಲ್ಲ, ಆದರೆ ಅದರ ತವುಡು ಹೆಚ್ಚು ನೀರು ಹೀರುವುದರಿಂದ ಒಂದೆರಡು ಚಮಚ ನೀರು ಜಾಸ್ತಿ ಬೇಕಾಗುತ್ತದೆ. ಹಿಟ್ಟನ್ನು ತೂಕ ಮಾಡಿಯೇ ಅಳೆಯಿರಿ. ಒಂದೇ ಲೋಟದಲ್ಲಿ ಒತ್ತಿ ತುಂಬಿದ ಹಿಟ್ಟಿಗೂ ಸಡಿಲವಾಗಿ ಸುರಿದ ಹಿಟ್ಟಿಗೂ ಬಹಳ ವ್ಯತ್ಯಾಸವಿರುತ್ತದೆ.

ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು. ದಪ್ಪ ಹರಳಿನ ಡ್ರೈ ಯೀಸ್ಟ್ ಆದರೆ ಸಕ್ಕರೆ ಬೆರೆತ ನೀರಿನಲ್ಲಿ ಹತ್ತು ನಿಮಿಷ ನೆನೆಯಬೇಕು. ಮೇಲೆ ನೊರೆ ಬಂದರೆ ಯೀಸ್ಟ್ ಜೀವಂತವಾಗಿದೆ ಎಂದರ್ಥ. ಬರದಿದ್ದರೆ ಚೆಲ್ಲಿಬಿಡಿ, ಸತ್ತ ಯೀಸ್ಟನ್ನು ನಂಬಿ ಹಿಟ್ಟು ಹಾಳು ಮಾಡುವುದು ಬೇಡ. ನೀರು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಲಿ, ಬೆರಳಿಟ್ಟರೆ ಹಿತವಾಗಿರಬೇಕು. 60 ಡಿಗ್ರಿಯ ಹತ್ತಿರ ಹೋದರೆ ಯೀಸ್ಟ್ ಸಾಯುತ್ತದೆ.

ಒಣ ಸಾಮಗ್ರಿಗಳನ್ನು ಬೆರೆಸಿ, ನೀರು ಮತ್ತು ಎಣ್ಣೆ ಹಾಕಿ ಒರಟಾಗಿ ಕಲಸಿ, ಕಾಲು ಗಂಟೆ ಹಾಗೆಯೇ ಮುಚ್ಚಿಡಿ. ಹಿಟ್ಟು ನೀರು ಕುಡಿಯುತ್ತದೆ, ಗ್ಲುಟೆನ್ ಎಂಬ ಎಳೆ ತನ್ನಷ್ಟಕ್ಕೇ ಕಟ್ಟಿಕೊಳ್ಳಲು ಶುರುವಾಗುತ್ತದೆ, ನಾದುವ ಶ್ರಮ ಅರ್ಧ ಉಳಿಯುತ್ತದೆ. ಆಮೇಲೆ ಎಂಟು ನಿಮಿಷ ನಾದಿ. ರೊಟ್ಟಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಿಟ್ಟು ಕೈಗೆ ಅಂಟುತ್ತದೆ, ಅಂಟಿತೆಂದು ಇನ್ನೊಂದು ಹಿಡಿ ಮೈದಾ ಉದುರಿಸುತ್ತೇವೆ, ಮತ್ತೆ ಅಂಟುತ್ತದೆ, ಮತ್ತೆ ಉದುರಿಸುತ್ತೇವೆ. ಕೊನೆಗೆ ಹಿಟ್ಟು ಕೈಗೆ ವಿಧೇಯವಾಗುತ್ತದೆ, ರೊಟ್ಟಿ ಮಾತ್ರ ಗಟ್ಟಿಯಾಗುತ್ತದೆ. ಕಾವಲಿಯ ಮೇಲೆ ಆವಿಯಾಗಿ ರೊಟ್ಟಿಯನ್ನು ಉಬ್ಬಿಸುವುದು ಹಿಟ್ಟಿನೊಳಗಿನ ಆ ನೀರೇ. ಆದ್ದರಿಂದ ಮೈದಾ ಡಬ್ಬಿಯನ್ನು ದೂರವಿಟ್ಟು, ಅಂಗೈಗೆ ನಾಲ್ಕು ಹನಿ ಎಣ್ಣೆ ಸವರಿಕೊಂಡು ನಾದುತ್ತಾ ಹೋಗಿ. ಐದಾರು ನಿಮಿಷ ಕಳೆಯುವಷ್ಟರಲ್ಲಿ ಜಿಗುಟು ತಾನಾಗಿ ಕಡಿಮೆಯಾಗಿ, ಹಿಟ್ಟು ಕಿವಿಯ ಹಾಲೆಯಷ್ಟು ಮೃದುವಾಗುತ್ತದೆ.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಚ್ಚಿ. ಹಿಟ್ಟು ಎರಡರಷ್ಟಾಗಲು ಒಂದರಿಂದ ಒಂದೂವರೆ ಗಂಟೆ ಬೇಕು. ಸೆಕೆಯಿದ್ದರೆ ಬೇಗ, ಚಳಿಯಿದ್ದರೆ ನಿಧಾನ. ಗಡಿಯಾರಕ್ಕಿಂತ ಹಿಟ್ಟನ್ನು ನೋಡುವುದು ಮೇಲು. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮಾತ್ರ ಮೇಲೆ ಬಂದರೆ ಹಿಟ್ಟು ಸಿದ್ಧ. ಬಿಡುವಿದ್ದರೆ ಯೀಸ್ಟನ್ನು ಅರ್ಧಕ್ಕಿಳಿಸಿ, ಇಡೀ ರಾತ್ರಿ ಫ್ರಿಜ್ಜಿನಲ್ಲಿಟ್ಟು ಹುದುಗಿಸಿ. ತಂಪಿನಲ್ಲಿ ನಿಧಾನವಾಗಿ ಹುದುಗಿದ ಹಿಟ್ಟಿನ ರುಚಿಯೇ ಬೇರೆ. ನನ್ನನ್ನು ಕೇಳಿದರೆ ಅವಸರದ ರೊಟ್ಟಿ ಅದರ ಮುಂದೆ ಸಪ್ಪೆ.

ಉಬ್ಬಿದ ಹಿಟ್ಟನ್ನು ಎಂಟು ಉಂಡೆ ಮಾಡಿ, ಹತ್ತು ನಿಮಿಷ ಬಟ್ಟೆ ಮುಚ್ಚಿಡಿ. ನಂತರ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅದಕ್ಕಿಂತ ತೆಳ್ಳಗೆ ಬೇಡ. ಲಟ್ಟಿಸಿದಷ್ಟೂ ಕುಗ್ಗುವ ಉಂಡೆಯೊಡನೆ ಗುದ್ದಾಡಬೇಡಿ. ಅದನ್ನು ಪಕ್ಕಕ್ಕಿಟ್ಟು ಬೇರೊಂದನ್ನು ಎತ್ತಿಕೊಳ್ಳಿ, ಐದು ನಿಮಿಷದಲ್ಲಿ ಅದೂ ಸಡಿಲಗೊಳ್ಳುತ್ತದೆ. ರೊಟ್ಟಿ ಗುಂಡಗಿರಲೇಬೇಕೆಂಬ ನಿಯಮವೇನೂ ಇಲ್ಲ.

ಅಷ್ಟರಲ್ಲಿ ಕಾವಲಿಯನ್ನು ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಚಿಮುಕಿಸಿದ ನೀರಿನ ಹನಿ ಚುರುಗುಟ್ಟಿ ತಕ್ಷಣ ಆರಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಮಾತ್ರ ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಕೂಡದು. ಎಣ್ಣೆ ಸವರುವುದೂ ಬೇಡ, ಕಂದು ಚುಕ್ಕೆಗಳು ಒಣ ಕಾವಲಿಯಲ್ಲೇ ಚೆಂದ. ಸಣ್ಣ ಉರಿ ಸುರಕ್ಷಿತ ಎಂದುಕೊಳ್ಳುವುದು ಸಹಜ, ಆದರೆ ಸಣ್ಣ ಉರಿಯಲ್ಲಿ ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ತೇವವೆಲ್ಲ ಆರಿ ರೊಟ್ಟಿ ಬಿರುಸಾಗುತ್ತದೆ. ರೊಟ್ಟಿಗೆ ಹತ್ತಿದ ಒಣ ಹಿಟ್ಟನ್ನು ಕೊಡವಿ ಕಾವಲಿಗೆ ಹಾಕಿ. ಅರ್ಧ ನಿಮಿಷದಲ್ಲಿ ಗುಳ್ಳೆಗಳು ಏಳುತ್ತವೆ. ಒಂದೂವರೆ ನಿಮಿಷದೊಳಗೆ ತಿರುವಿ ಹಾಕಿ, ಇನ್ನೊಂದು ಬದಿಗೆ ಒಂದು ನಿಮಿಷ ಕೊಡಿ. ಸಟ್ಟುಗದಿಂದ ಅದುಮಿದರೆ ಒಳಗಿನ ಗಾಳಿಯೆಲ್ಲ ಹೋದಂತೆ. ಪ್ರತಿ ರೊಟ್ಟಿಯ ನಂತರ ಕಾವಲಿಯಲ್ಲಿ ಉಳಿದ ಹಿಟ್ಟಿನ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಇಲ್ಲವಾದರೆ ಅದು ಸೀದು ಮುಂದಿನ ರೊಟ್ಟಿಗೆ ಕಹಿ ಹತ್ತಿಸುತ್ತದೆ.

ಬೆಂದ ರೊಟ್ಟಿಯನ್ನು ಕೂಡಲೇ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸಿ. ಕಾವಲಿಯಿಂದ ಇಳಿದಾಗ ಮೇಲ್ಮೈ ಗರಿಗರಿಯಾಗಿರುತ್ತದೆ. ಬಟ್ಟೆಯೊಳಗೆ ನಿಂತ ಆವಿ ಅದನ್ನು ಹತ್ತು ನಿಮಿಷದಲ್ಲಿ ಮೆತ್ತಗೆ ಮಾಡುತ್ತದೆ. ಬೇಕಿದ್ದರೆ ಬಿಸಿಯಿರುವಾಗಲೇ ಬೆಣ್ಣೆ ಸವರಿ.

ಉಳಿದ ರೊಟ್ಟಿಯನ್ನು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬೇಗನೆ ಗಟ್ಟಿಯಾಗಿ ರೊಟ್ಟಿ ಬಿರುಸಾಗುತ್ತದೆ. ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡುವುದು ಒಳ್ಳೆಯದು. ತಿನ್ನುವಾಗ ನೀರು ಚಿಮುಕಿಸಿ, ಬಿಸಿ ಕಾವಲಿಯ ಮೇಲೆ ಎರಡೂ ಬದಿ ಅರ್ಧರ್ಧ ನಿಮಿಷ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ.