ಪುಟ್ಟ ಮಕ್ಕಳ ಜೊತೆ ವಾಟರ್ ಪಾರ್ಕಿಗೆ ಹೊರಡುವ ಮುಂಚೆ

ವಾಟರ್ ಪಾರ್ಕಿಗೆಂದು ದಾವಣಗೆರೆಯಿಂದ ಬೆಂಗಳೂರಿಗೆ ಹೋಗೋದಾದ್ರೆ ಸುಮಾರು 260 ಕಿ.ಮೀ. ದಾರಿ. ಹಿಂದಿನ ದಿನವೇ ಹೋಗಿ ಉಳ್ಕೊಳ್ಳಿ. ನಿದ್ದೆಗೆಟ್ಟ ಮಕ್ಕಳು ನೀರಿಗಿಳಿದ ಅರ್ಧ ಗಂಟೆಗೇ ಅಳೋಕೆ ಶುರು ಮಾಡ್ತಾರೆ.

ಹತ್ತಿ ಬಟ್ಟೆ ಬೇಡ. ನೈಲಾನ್ ಈಜುಡುಗೆಯನ್ನು ಮನೆಯಲ್ಲೇ ಹಾಕಿ ನೋಡಿ. ನಮ್ಮ ಮೂರು ವರ್ಷದ ಮಗಳಿಗೆ ಕಂಕುಳಲ್ಲಿ ಬಿಗಿದು ಕೆಂಪು ಗೆರೆ ಬಿದ್ದಿತ್ತು, ನೋಡಿ ತುಂಬಾ ಸಂಕಟವಾಯ್ತು. ಎತ್ತರವನ್ನೂ ಅಳೆದುಕೊಳ್ಳಿ. ದೊಡ್ಡ ಸ್ಲೈಡುಗಳಿಗೆ ಮಿತಿ ಇರುತ್ತದೆ.

ಒಳಾಂಗಣ ಪಾರ್ಕಾದರೆ ಬಿಸಿಲಿನ ಕಾಟವಿಲ್ಲ, ಆದರೆ ಎಸಿ ಗಾಳಿಗೆ ಒದ್ದೆ ಮೈ ಬೇಗ ನಡುಗುತ್ತದೆ. ತುಟಿ ನೀಲಿಯಾಗುವವರೆಗೆ ಕಾಯಬೇಡಿ, ಮೊದಲೇ ಎತ್ತಿಕೊಂಡು ಟವೆಲ್ ಸುತ್ತಿ. ತೋಳಿಗೆ ಹಾಕುವ ಗಾಳಿ ಟ್ಯೂಬನ್ನು ನಂಬಲೇಬೇಡಿ. ಮೊಣಕಾಲುದ್ದ ನೀರಲ್ಲೂ ಮಗು ಕೈಗೆಟಕುವಷ್ಟು ಹತ್ತಿರವೇ ಇರಬೇಕು. ಫೋನು ಲಾಕರಿನಲ್ಲಿರಲಿ.

ನೀರಾಡಿದ ಮೇಲಿನ ಹಸಿವು ಗೊತ್ತಲ್ವಾ? ಕಾರಿನಲ್ಲಿ ಒಗ್ಗರಣೆ ಮಂಡಕ್ಕಿ ಡಬ್ಬಿ ಇಟ್ಟಿರಿ, ಮಕ್ಕಳಿಗೆ ಖಾರ ಕಡಿಮೆ ಹಾಕಿ.