ವೆಟ್‌ಸೂಟ್‌ಗೆ ಟಕ್ಸ್ ಹಿಡಿದ ಕತೆ

ಎರಡು ಸೀಸನ್ ಆಯಿತು, ನಾನು ಕೊಯ್ದು ಅಂಟಿಸಿದ ಡೈವಿಂಗ್ ಸೂಟು, 3 ಎಂಎಂ ದಪ್ಪದ ರಬ್ಬರಿನದ್ದು, ಇನ್ನೂ ಬಿಟ್ಟುಕೊಂಡಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಕೊಯ್ಯುವ ದಿನ ಬೋಟು ನಡೆಸುವ ತಾಂಡೇಲ ಎದುರಿಗೇ ನಕ್ಕಿದ್ದ: "ಎಂತ ಮಾರಾಯಾ, ರಬ್ಬರ್ ಕೊಯ್ದು ಅಂಟಿಸಿದ್ರೆ ನೀರು ನಿಲ್ತದಾ?"

ನನ್ನ ಕೆಲಸ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಜನರನ್ನು ಕರೆದೊಯ್ದು ನೀರಿಗಿಳಿಸುವುದು. ದಿನಕ್ಕೆ ಮೂರು ಡೈವ್, ರಜೆ ಇದ್ದರೆ ನಾಲ್ಕು. ನಮ್ಮ ಕಡಲಿಗೆ ಎಂತ ಚಳಿ ಅನ್ನುವವರು ಅರ್ಧ ಗಂಟೆ ಮುಳುಗಿ ಮೇಲೆ ಬಂದು ಚಾ ಕುಡಿಯುವವರು. ಮೂರನೇ ಡೈವಿನ ಕೊನೆಯ ಹತ್ತು ನಿಮಿಷ ಅವರಿಗೆ ಗೊತ್ತಿಲ್ಲ. ನಾನು ಮೊದಲೇ ಸಪೂರ, 58 ಕೆಜಿ. ಮಳೆಗಾಲ ಮುಗಿದ ಹೊಸತರಲ್ಲಿ ಮೇಲೆ 28 ಡಿಗ್ರಿ ಇದ್ದರೂ ಕೆಳಗೆ ತಣ್ಣೀರಿನ ಪದರ ಸಿಗುತ್ತದಲ್ವಾ, ಅಲ್ಲಿ ನನ್ನ ಕೈಯ ಡೈವ್ ಕಂಪ್ಯೂಟರ್ 24 ತೋರಿಸಿದ್ದೂ ಇದೆ. ಹಲ್ಲು ಕಟಕಟ ಅನ್ನುವಾಗ ಉಸಿರಾಡುವ ರೆಗ್ಯುಲೇಟರ್ ಕಚ್ಚಿ ಹಿಡಿಯುವುದೇ ಒಂದು ಕೆಲಸ.

ಮೊದಲು ಹಳೇ ಸೂಟು ಒಂದನ್ನು 2,200ಕ್ಕೆ ತಗೊಂಡೆ. ಬೇರೆ ಯಾರದ್ದೋ ಹೊಟ್ಟೆಯ ಆಕಾರಕ್ಕೆ ಅದು ಒಗ್ಗಿಹೋಗಿತ್ತು. ನನ್ನ ಮೈಮೇಲೆ ಗೋಣಿಚೀಲ. ಆಮೇಲೆ ಈ 3 ಎಂಎಂ ಹೊಸದು ತರಿಸಿದೆ, ಎಲ್ಲ ಸೇರಿ ಒಂಬತ್ತೂವರೆ ಸಾವಿರ ಚಿಲ್ಲರೆ. ಸೈಜ್ ಚಾರ್ಟ್‌ನಲ್ಲಿ ಎತ್ತರ ಮತ್ತು ತೂಕ ನೋಡಿ ಎಂ ಅಂತ ಒತ್ತಿದ್ದೇ ತಪ್ಪು. ಎದೆ ಸರಿಯಾಯಿತು, ಕಾಲೂ ಪರವಾಗಿಲ್ಲ, ಆದರೆ ಸೊಂಟದ ಹಿಂದೆ ಬೆನ್ನು ಒಳಗೆ ಬಾಗುತ್ತದಲ್ಲ, ಅಲ್ಲಿ ಅಂಗೈ ತೂರುವಷ್ಟು ಜಾಗ. ನೀರಿನಲ್ಲಿ ಮುಂದಕ್ಕೆ ಬಾಗಿದಾಗಲೆಲ್ಲ ಒಂದು ಲೋಟ ತಣ್ಣೀರನ್ನು ಯಾರೋ ಬೆನ್ನಿಗೆ ಸುರಿದ ಹಾಗೆ. ವಾಪಸ್ ಮಾಡೋಣ ಅಂದರೆ ಒಂದು ಸಲ ನೀರು ತಾಗಿದ ಸೂಟು ತಗೊಳ್ಳಲ್ಲ ಅಂದರು.

ಆಗ ಎಲ್ಲರೂ ಕೊಟ್ಟ ಬುದ್ಧಿ ಒಂದೇ, ದಪ್ಪದ್ದು ತಗೋ. ಸರಿ ಅಂತ 5 ಎಂಎಂ ಸೆಕೆಂಡ್ ಹ್ಯಾಂಡ್, 6 ಸಾವಿರ. ಬೋಟಿನಲ್ಲಿ ಅದನ್ನು ಹಾಕಿಕೊಳ್ಳುವಷ್ಟರಲ್ಲೇ ಬೆವರಿ ಮುದ್ದೆ. ಮುಳುಗಲಿಕ್ಕೆ ಬೆಲ್ಟಿಗೆ 2 ಕೆಜಿ ತೂಕ ಜಾಸ್ತಿ ಬೇಕಾಯಿತು. ಎದೆ ಎಷ್ಟು ಬಿಗಿ ಅಂದರೆ ಪೂರ್ತಿ ಉಸಿರು ಎಳೆಯಲಿಕ್ಕಾಗದೆ ಸಣ್ಣ ಸಣ್ಣ ಉಸಿರಿನಲ್ಲೇ ಗಾಳಿ ಬೇಗ ಮುಗಿಯುತ್ತಿತ್ತು. ಇಷ್ಟೆಲ್ಲ ಆಗಿ ಬೆನ್ನಿನಲ್ಲಿ ಅದೇ ಲೋಟ ನೀರು! ಕೆಳಗೆ ಹೋದ ಹಾಗೆ ರಬ್ಬರಿನೊಳಗಿನ ಗಾಳಿಗುಳ್ಳೆ ಅಮುಕಿಹೋಗುತ್ತವೆ. 10 ಮೀಟರಿಗೇ ಒತ್ತಡ ಎರಡರಷ್ಟು. 5 ಎಂಎಂ ಅನ್ನುವುದು ದಡದ ಮೇಲಿನ ಲೆಕ್ಕ ಅಷ್ಟೇ.

ಆವಾಗ ತಲೆಗೆ ಹೊಳೆಯಿತು. ಸೂಟಿನೊಳಗಿನ ನೀರು ಬೆಚ್ಚಗೆ ಮಾಡುತ್ತದೆ ಅಂತ ನಾವೇ ಹೊಸಬರಿಗೆ ಹೇಳಿಕೊಡುತ್ತೇವೆ, ಆದರೆ ಚಳಿ ತಡೆಯುವುದು ಆ ಗುಳ್ಳೆಗಳು. ಒಳಗಿನ ನೀರು ಸುಮ್ನೆ ಕೂತಿದ್ದರೆ ತೊಂದರೆಯಿಲ್ಲ. ಅದು ಓಡಾಡಿದರೆ ಮೈಯ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಅಂದಮೇಲೆ ನಾನು ಮುಚ್ಚಬೇಕಾದದ್ದು ಒಂದೇ ಒಂದು ಜಾಗ.

ಊರಿನ ಟೈಲರ್‌ಗೆ ತೋರಿಸಿದೆ. ಅವರು ಮಿಷನ್‌ನಲ್ಲಿ ಆರಾಮಾಗಿ ಹೊಲಿದು ಕೊಟ್ಟರು. ಸೂಜಿ ಆರ್‌ಪಾರ್ ಹೋದ ಕಡೆಯಲ್ಲೆಲ್ಲ ತೂತು, ಜರಡಿ ಆಗಿತ್ತು. ಅದು 2,200ರ ಸೂಟು, ಪುಣ್ಯಕ್ಕೆ. ಆದರೆ ಅಲ್ಲೇ ಅವರ ಮಗಳು ಸಡಿಲ ಬಟ್ಟೆ ಚಿವುಟಿ ಒಂದು ಬ್ಲೌಸಿಗೆ ಟಕ್ಸ್ ಹಿಡಿಯುತ್ತಿದ್ದಳು, ಅದನ್ನು ನೋಡುತ್ತಾ ನಿಂತೆ. ನನಗೆ ಬೇಕಾದದ್ದೂ ಅದೇ ಅಲ್ವಾ?

ಮನೆಗೆ ಬಂದು ಹೊಸ ಸೂಟು ಹಾಕಿಕೊಂಡು ನಿಂತೆ. ಹೆಂಡತಿ ಹಿಂದಿನಿಂದ ಸಡಿಲ ಇದ್ದ ಕಡೆ ಚಿವುಟಿ ಹಿಡಿದು ದೊಡ್ಡ ಬೈಂಡರ್ ಕ್ಲಿಪ್ ಹಾಕಿದಳು. ನಾನು ಕುಕ್ಕರಗಾಲಲ್ಲಿ ಕೂತೆ, ಕೈ ಎತ್ತಿದೆ, ಬಾಗಿದೆ. ಕ್ಲಿಪ್ ಹಾರಿತು, ಇನ್ನೊಂದು ಸಲ. ಆಮೇಲೆ ಜಿಪ್ಪಿನ ಎರಡೂ ಬದಿಗೆ ಚಾಕ್‌ಪೀಸಿನಲ್ಲಿ ಮಾವಿನೆಲೆ ಆಕಾರದ ಗುರುತು: ಉದ್ದ ಸುಮಾರು 20 ಸೆಂಟಿಮೀಟರ್, ನಡುವೆ ಅಗಲ 3ಕ್ಕಿಂತ ಸ್ವಲ್ಪ ಕಮ್ಮಿ, ಎರಡೂ ತುದಿ ಚೂಪು.

ಕತ್ತರಿ ಮುಟ್ಟಬೇಡಿ. ಹಳೇ ಸೂಟಿನಲ್ಲಿ ಕತ್ತರಿಯಿಂದ ಕೊಯ್ದು ನೋಡಿದ್ದೆ, ಅಂಚು ಓರೆಯಾಗಿ ಎರಡನೇ ಡೈವಿಗೇ ಬಾಯಿ ಬಿಟ್ಟಿತು. ಹೊಸ ಬ್ಲೇಡು, ನೆಟ್ಟಗೆ, ಒಂದೇ ಎಳೆತ. ನಿಯೋಪ್ರೀನ್ (ಸೂಟಿನ ರಬ್ಬರ್) ಅಂಟು ಎರಡೂ ಅಂಚಿಗೆ ತೆಳ್ಳಗೆ, ಒಣಗಿದ ಮೇಲೆ ಇನ್ನೊಂದು ಕೋಟು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂಚಿಗೆ ಅಂಚು ಕೂರಿಸುವುದು, ಒಂದರ ಮೇಲೊಂದು ಅಲ್ಲ. ಎಷ್ಟು ಹೊತ್ತು ಬಿಡಬೇಕು ಅನ್ನುವುದನ್ನು ಹೇಳಲ್ಲ, ಕರಾವಳಿಯ ತೇವಕ್ಕೆ ಡಬ್ಬಿಯ ಮೇಲೆ ಬರೆದ ಲೆಕ್ಕ ನಡೆಯಲ್ಲ, ನಾನು ಮೂರು ಡಬ್ಬಿ ಹಾಳು ಮಾಡಿ ಕಲಿತದ್ದು. ಎಲೆಯ ತುದಿಯಲ್ಲಿ ಸುಕ್ಕು ಬರದ ಹಾಗೆ ಮಾಡುವುದಕ್ಕೂ ಒಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ. ಮರುದಿನ ಕೈಯಲ್ಲೇ ಹೊಲಿಗೆ, ಸೂಜಿ ಅರ್ಧ ದಪ್ಪಕ್ಕೆ ಹೋಗಿ ವಾಪಸ್ ಬರಬೇಕು, ಆಚೆ ಕಾಣಬಾರದು. ಬಲೆಯ ದಾರ ಹಾಕಲು ಹೋಗಿದ್ದೆ, ದಪ್ಪ ಜಾಸ್ತಿಯಾಗಿ ರಬ್ಬರೇ ಸೀಳಿತು.

ಮೊದಲ ದಿನ 18 ಮೀಟರಿನಲ್ಲಿ ಬೇಕಂತಲೇ ನಾಲ್ಕು ಸಲ ಬಾಗಿದೆ. ಲೋಟ ಬರಲಿಲ್ಲ! ಮೂರನೇ ಡೈವ್ ಮುಗಿಸಿ ಬೋಟು ಹತ್ತಿದರೆ, ಪಕ್ಕದ ಬೋಟಿನ 5 ಎಂಎಂ ಹುಡುಗ ನಡುಗುತ್ತಿದ್ದ, ನಾನು ತಾಂಡೇಲನ ಹತ್ತಿರ ಬೀಡಿ ಬೆಂಕಿ ಕೇಳುತ್ತಿದ್ದೆ.

ನಡುವೆ ಬೇರೆ ಹುಚ್ಚಾಟಗಳೂ ಆದವು. ಇಳಿಯುವ ಮೊದಲು ಫ್ಲಾಸ್ಕಿನ ಉಗುರುಬೆಚ್ಚಗಿನ ನೀರು ಕುತ್ತಿಗೆಯಿಂದ ಸುರಿದುಕೊಂಡೆ. ಸುಖವೋ ಸುಖ, ಐದು ನಿಮಿಷ. ಕುತ್ತಿಗೆ ಉಜ್ಜಿ ಕೆಂಪಾಗುತ್ತದೆ ಅಂತ ತೆಂಗಿನೆಣ್ಣೆ ಹಚ್ಚಿದೆ, ಅಲ್ಲಿನ ಅಂಟು ಮೆತ್ತಗಾಗಿ ಮತ್ತೆ ಅಂಟಿಸಬೇಕಾಯಿತು. ಒಳಗೆ ತೆಳು ಲೈಕ್ರಾ ಬಟ್ಟೆ ಹಾಕಿದರೆ ಸೂಟು ಸಲೀಸಾಗಿ ಏರುತ್ತದೆ, ಬಿಸಿ ಏನೂ ಇಲ್ಲ. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿ ತೂರಿಸಿದರೂ ಅಷ್ಟೇ ಸಲೀಸು, ಖರ್ಚೂ ಇಲ್ಲ. ನಿಜವಾಗಿ ಕೆಲಸಕ್ಕೆ ಬಂದದ್ದು 2 ಎಂಎಂ ಟೋಪಿ ಬನಿಯನ್. ಅದನ್ನು ಹಾಳಾದ ಆ ಜರಡಿ ಸೂಟಿನಿಂದಲೇ ಮಾಡಿಕೊಂಡೆ, ದಪ್ಪ ಸವೆದು ಅಷ್ಟಾಗಿತ್ತು. ನೋಡಲು ಮಂಗನ ಟೋಪಿ ಥರ, ಆದರೆ ಚಳಿಗಾಲದಲ್ಲಿ ಅದಿಲ್ಲದೆ ನಾನು ಇಳಿಯಲ್ಲ.

ಹೊಸದು ತಗೊಳ್ಳುವವರು ಅಂಗಡಿಯಲ್ಲೇ ಹಾಕಿಕೊಂಡು ಹತ್ತು ನಿಮಿಷ ಓಡಾಡಿ. ದಡದಲ್ಲಿ ಸ್ವಲ್ಪ ಬಿಗಿ ಅನ್ನಿಸಬೇಕು, ನೀರಿನಲ್ಲಿ ಸಡಿಲಾಗುತ್ತದೆ. ಆದರೆ ಪೂರ್ತಿ ಉಸಿರು ಬರಬೇಕು. ಕಂಕುಳು, ತೊಡೆಸಂದು, ಸೊಂಟದ ಹಿಂದೆ, ಈ ಮೂರು ಕಡೆ ಬೇರೆಯವರಿಂದ ಚಿವುಟಿಸಿ ನೋಡಿ.

ಖರ್ಚು ಕೂಡಿಸಿದರೆ ಮೂರು ಸೂಟು, ಅಂಟು, ಬ್ಲೇಡು ಎಲ್ಲ ಸೇರಿ 20 ಸಾವಿರದ ಹತ್ತಿರ. ಅಳತೆ ಕೊಟ್ಟು ಹೊಲಿಸಿದರೆ 18 ಅಂತ ಮೊದಲೇ ಒಬ್ಬರು ಹೇಳಿದ್ದರು, ದುಬಾರಿ ಅಂತ ಬಿಟ್ಟಿದ್ದೆ. ಆ 5 ಎಂಎಂ ಮಾತ್ರ ಮಾರಿ 4 ಸಾವಿರ ವಾಪಸ್ ಬಂತು. ಕಳೆದ ತಿಂಗಳು ತಾಂಡೇಲ ತನ್ನ ಮಗನ ಸೂಟು ತಂದು ಬೆನ್ನಿನ ಹತ್ತಿರ ತೋರಿಸಿ, ಇದಕ್ಕೂ ಒಂದೆರಡು ಟಕ್ಸ್ ಹಿಡಿ ಅಂದ. 800 ತಗೊಂಡೆ.