ಎರಡೇ ಹೊಸ ಟೈರ್ ಕೊಂಡರೆ ಹಿಂದಕ್ಕೇ ಹಾಕಿಸಿ

ಕಾರಿನ ನಾಲ್ಕು ಟೈರುಗಳು ಒಂದೇ ಸಮನೆ ಸವೆಯುವುದಿಲ್ಲ. ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲಿನವುಗಳಿಗೆ ಎಂಜಿನ್ನಿನ ಎಳೆತ ಸಿಗುವುದು ಮುಂದಿನ ಚಕ್ರಗಳಿಗೆ. ಎಂಜಿನ್ನಿನ ಭಾರ ಹೊರುವುದು, ಗಾಡಿಯನ್ನು ಎಳೆಯುವುದು, ತಿರುಗಿಸುವುದು, ಬ್ರೇಕ್ ಒತ್ತಿದಾಗ ಹೆಚ್ಚಿನ ಪಾಲು ತಾಳಿಕೊಳ್ಳುವುದು, ಎಲ್ಲವೂ ಆ ಎರಡು ಟೈರುಗಳ ಪಾಲಿಗೇ ಬರುವುದರಿಂದ ಅವು ಬೇಗ ಬೋಳಾಗುತ್ತವೆ. ನಾಲ್ಕನ್ನೂ ಒಮ್ಮೆಲೇ ಬದಲಿಸುವಷ್ಟು ಹಣವಿಲ್ಲದವರು ಎರಡನ್ನು ಕೊಳ್ಳುತ್ತಾರೆ. ಟೈರ್ ಅಂಗಡಿಯಲ್ಲಿ ಜಾಕ್ ಏರಿಸುತ್ತ ಹುಡುಗ ‘ಮುಂದಕ್ಕೇ ಹಾಕ್ಲಾ ಸಾರ್?’ ಎಂದು ಕೇಳುತ್ತಾನೆ. ಸವೆದಿರುವುದು ಮುಂದಿನವು, ಹೊಸದೂ ಅಲ್ಲಿಗೇ ಹೋಗಬೇಕು ಎಂಬುದು ಎಷ್ಟು ಸಹಜವಾಗಿ ತೋರುತ್ತದೆಂದರೆ ನಾವು ಯೋಚಿಸದೆ ತಲೆಯಾಡಿಸುತ್ತೇವೆ. ಆದರೆ ಅಲ್ಲಿ ‘ಬೇಡ, ಹಿಂದಕ್ಕೆ ಹಾಕು’ ಎನ್ನಬೇಕು.

ಇದಕ್ಕೆ ಕಾರಣ ತಿಳಿಯಲು ಟೈರಿನ ಗೆರೆಗಳು ಏನು ಮಾಡುತ್ತವೆ ಎಂಬುದನ್ನು ನೋಡಬೇಕು. ಒಂದು ಟೈರ್ ರಸ್ತೆಯನ್ನು ಮುಟ್ಟಿಕೊಂಡಿರುವ ಜಾಗ ಹೆಚ್ಚುಕಡಿಮೆ ಅಂಗೈಯಷ್ಟು. ಮಳೆಗಾಲದಲ್ಲಿ ರಸ್ತೆಯ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ, 165 ಮಿಲಿಮೀಟರ್ ಅಗಲದ ಟೈರಿನ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಪ್ರತಿಯೊಂದು ಮುಂದಿನ ಟೈರೂ ಸೆಕೆಂಡಿಗೆ ಸುಮಾರು 11 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಸೆಕೆಂಡಿಗೊಂದು ಕೊಡ ನೀರು ಎಂದರೂ ಸರಿಯೆ. ಹಿಂದಿನ ಟೈರುಗಳು ಬಹುಮಟ್ಟಿಗೆ ಅದೇ ಜಾಡಿನಲ್ಲಿ ಬರುವುದರಿಂದ ಅವುಗಳಿಗೆ ಸ್ವಲ್ಪ ಕಡಿಮೆ ನೀರು ಸಿಗಬಹುದು. ಆದರೆ ತಿರುವಿನಲ್ಲಿ ಅವು ಒಳಗಿನ ಬೇರೆ ಜಾಡು ಹಿಡಿಯುತ್ತವೆ. ಹೊಸ ಟೈರಿನ ಗೆರೆಗಳ ಆಳ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಇರುತ್ತದೆ; ಆ ಕಾಲುವೆಗಳ ಮೂಲಕ ನೀರು ಹೊರಗೆ ಹೋಗಿ ರಬ್ಬರ್ ರಸ್ತೆಯನ್ನು ಮುಟ್ಟುತ್ತದೆ. ಗೆರೆ ಸವೆದು ಎರಡು ಮಿಲಿಮೀಟರಿಗೆ ಬಂದಾಗ ನೀರಿಗೆ ಹೋಗಲು ದಾರಿ ಸಾಲದೆ, ಟೈರ್ ನೀರಿನ ಪದರದ ಮೇಲೇರಿ ತೇಲತೊಡಗುತ್ತದೆ. ತೇಲುವ ಟೈರಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಈಗ ಎರಡು ಸಂದರ್ಭಗಳನ್ನು ಹೋಲಿಸಿ. ಮುಂದಿನ ಟೈರುಗಳು ಮೊದಲು ಹಿಡಿತ ಕಳೆದುಕೊಂಡರೆ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಗಾಡಿ ತಿರುಗದೆ ನೇರಕ್ಕೆ ಜಾರುತ್ತದೆ. ಕೈಗೆ ಅದು ಗೊತ್ತಾಗುತ್ತದೆ. ಗಾಬರಿಯಾದ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬಂದು ಮುಂದಿನ ಟೈರುಗಳನ್ನು ರಸ್ತೆಗೆ ಒತ್ತುತ್ತದೆ, ಹಿಡಿತ ಮರಳುತ್ತದೆ. ಅಂದರೆ ಗಾಬರಿಯಲ್ಲಿ ಮಾಡಿದ್ದೇ ಸರಿಯಾದ ಉಪಾಯವಾಗಿರುತ್ತದೆ. ಹಿಂದಿನ ಟೈರುಗಳು ಮೊದಲು ಜಾರಿದರೆ ಕಥೆಯೇ ಬೇರೆ. ಅವುಗಳ ಸುದ್ದಿ ಸ್ಟೇರಿಂಗಿಗೆ ಬರುವುದಿಲ್ಲ. ಕಾರಿನ ಬಾಲ ಪಕ್ಕಕ್ಕೆ ಹೊರಟ ಮೇಲೆಯೇ ಸೊಂಟಕ್ಕೆ ಅದು ತಿಳಿಯುವುದು. ಆಗಲೂ ಕಾಲು ತೆಗೆದರೆ ಅಥವಾ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ, ಜಾರುವುದು ಹೆಚ್ಚಾಗುತ್ತದೆ, ಗಾಡಿ ಗಿರಕಿ ಹೊಡೆಯುತ್ತದೆ. ಅದನ್ನು ಸರಿಪಡಿಸಲು ಸ್ಟೇರಿಂಗನ್ನು ಬಾಲ ಜಾರುವ ಕಡೆಗೇ ಚುರುಕಾಗಿ, ಆದರೆ ಅಳತೆ ಮೀರದಂತೆ ತಿರುಗಿಸಬೇಕು. ನಮ್ಮ ಯಾವ ಡ್ರೈವಿಂಗ್ ಶಾಲೆ ಇದನ್ನು ಕಲಿಸಿದ್ದನ್ನು ನಾನಂತೂ ಕಂಡಿಲ್ಲ.

ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿಯನ್ನೋ, ಕೊಟ್ಟಿಗೆಹಾರದಿಂದ ಚಾರ್ಮಾಡಿಯನ್ನೋ ಮಳೆಯಲ್ಲಿ ಇಳಿಯುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಳಿಜಾರಿನಲ್ಲಿ ಗಾಡಿಯ ಭಾರ ತಾನಾಗಿಯೇ ಮುಂದಕ್ಕೆ ವಾಲಿರುತ್ತದೆ. ತಿರುವಿನ ಮೊದಲು ಬ್ರೇಕ್ ಒತ್ತಿದಾಗ ಅದು ಇನ್ನೂ ಮುಂದಕ್ಕೆ ಬರುತ್ತದೆ. ಹಿಂದಿನ ಟೈರುಗಳ ಮೇಲೆ ಭಾರ ಅತ್ಯಂತ ಕಡಿಮೆಯಿರುವ ಆ ಕ್ಷಣದಲ್ಲಿ ಅಲ್ಲಿರುವವು ಬೋಳು ಟೈರುಗಳಾಗಿದ್ದು, ಮುಂದೆ ಹೊಸ ಟೈರುಗಳು ರಸ್ತೆಯನ್ನು ಗಟ್ಟಿಯಾಗಿ ಹಿಡಿದಿದ್ದರೆ, ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ಹೊರಡುತ್ತದೆ. ಎಬಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಎಬಿಎಸ್ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಇಎಸ್‌ಸಿ (ಗಾಡಿ ಅಂಕೆ ತಪ್ಪದಂತೆ ಚಕ್ರಗಳಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಕಾರು ಬಾಲ ಜಾರುವುದನ್ನು ತಡೆಯಲು ಪ್ರಯತ್ನಿಸುತ್ತದೆಯಾದರೂ, ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

‘ಹೊಸದು ಮುಂದಕ್ಕೆ’ ಎಂಬ ಮಾತು ನಮಗೆ ಲಾರಿಗಳಿಂದ ಬಂದಿರಬೇಕು ಎಂಬುದು ನನ್ನ ಅಂದಾಜು. ಆರು ಚಕ್ರದ ಲಾರಿಯಲ್ಲಿ ಹಿಂದೆ ಜೋಡಿ ಟೈರುಗಳಿವೆ. ಒಂದು ಒಡೆದರೆ ಪಕ್ಕದ್ದು ಭಾರ ಹೊರುತ್ತದೆ. ಮುಂದಿನದು ಒಂಟಿ, ಅದು ಒಡೆದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಅಲ್ಲಿ ಆ ಮಾತಿಗೆ ಅರ್ಥವಿದೆ. ನಾಲ್ಕು ಚಕ್ರದ ಕಾರಿಗೆ ಅದನ್ನೇ ಅನ್ವಯಿಸುವುದು ಸರಿಯಲ್ಲ.

ಇನ್ನು ಮಾಡಬೇಕಾದ ಕೆಲಸ. ಮೊದಲನೆಯದಾಗಿ, ಅಂಗಡಿಗೆ ಹೋಗುವ ಮುನ್ನ ಉಳಿಸಿಕೊಳ್ಳಬೇಕೆಂದಿರುವ ಎರಡು ಟೈರುಗಳ ಗೆರೆಯ ಆಳ ಅಳೆಯಿರಿ. ಅಳತೆಯ ಉಪಕರಣವಿಲ್ಲದಿದ್ದರೆ ಒಂದು ಬೆಂಕಿಕಡ್ಡಿಯನ್ನು ಗೆರೆಯ ತಳದವರೆಗೆ ಇಳಿಸಿ, ಟೈರಿನ ಮೇಲ್ಮೈಗೆ ಸರಿಯಾಗಿ ಉಗುರಿನಿಂದ ಗುರುತು ಮಾಡಿ, ಸ್ಕೇಲಿನ ಮೇಲಿಟ್ಟು ನೋಡಿ. ಒಳಬದಿ, ನಡು, ಹೊರಬದಿ ಮೂರೂ ಕಡೆ ಅಳೆಯಬೇಕು. ಗೆರೆಗಳ ತಳದಲ್ಲಿ ಅಡ್ಡಲಾಗಿರುವ ಪುಟ್ಟ ದಿಬ್ಬಗಳ ಎತ್ತರ 1.6 ಮಿಲಿಮೀಟರ್, ರಬ್ಬರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೂ ಆ ಟೈರ್ ಮುಗಿಯಿತು. ನನ್ನನ್ನು ಕೇಳಿದರೆ, ಮಲೆನಾಡು, ಕರಾವಳಿಯ ಮಳೆಗೆ 3 ಮಿಲಿಮೀಟರಿಗಿಂತ ಕಡಿಮೆಯಿರುವ ಟೈರನ್ನು ಯಾವ ಸ್ಥಾನದಲ್ಲೂ ಇಟ್ಟುಕೊಳ್ಳಬಾರದು. ಹಿಂದಿನವೂ ಆ ಸ್ಥಿತಿಯಲ್ಲಿದ್ದರೆ ಸ್ಥಾನದ ಪ್ರಶ್ನೆಯೇ ಇಲ್ಲ, ನಾಲ್ಕನ್ನೂ ಬದಲಿಸಬೇಕು.

ಕೊಳ್ಳುವಾಗ ಈಗಿರುವ ಅಳತೆಯನ್ನೇ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತು ಇರುತ್ತದೆ: 2325 ಎಂದಿದ್ದರೆ 2025ನೆಯ ವರ್ಷದ 23ನೆಯ ವಾರ ಎಂದರ್ಥ. ಒಂದೇ ಸಾಲಿನ, ಅಂದರೆ ಮುಂದಿನ ಅಥವಾ ಹಿಂದಿನ, ಎರಡು ಚಕ್ರಗಳಿಗೆ ಒಂದೇ ಕಂಪನಿಯ, ಒಂದೇ ಮಾದರಿಯ ಟೈರ್ ಇರಲಿ.

ಮುಖ್ಯವಾದ ಹಂತ ಸ್ಥಾನಪಲ್ಲಟ. ಮುಂದಿನ ಸವೆದ ಟೈರುಗಳನ್ನು ತೆಗೆದು, ಹಿಂದಿದ್ದ ಅರ್ಧ ಸವೆದ ಟೈರುಗಳನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಕೂರಿಸಬೇಕು. ನಾಲ್ಕೂ ಚಕ್ರ ಬಿಚ್ಚುವ ಕೆಲಸವಾದ್ದರಿಂದ ಅಂಗಡಿಯವರು ಗೊಣಗಬಹುದು, ಸ್ವಲ್ಪ ಹೆಚ್ಚು ಕೂಲಿ ಕೇಳಬಹುದು. ಕೊಡಿ. ಟೈರಿನ ಮೇಲೆ ಸುತ್ತುವ ದಿಕ್ಕಿನ ಬಾಣದ ಗುರುತಿದ್ದರೆ ಎಡಬಲ ಅದಲುಬದಲಾಗದಂತೆ ನಿಂತು ನೋಡಿಕೊಳ್ಳಿ. ನಾಲ್ಕು ಚಕ್ರಗಳಿಗೂ ಎಳೆತವಿರುವ ಗಾಡಿಯಾದರೆ ಮೊದಲು ಅದರ ಕೈಪಿಡಿ ನೋಡಬೇಕು. ಮುಂದೆ ಹಿಂದೆ ಟೈರಿನ ಸುತ್ತಳತೆ ಹೆಚ್ಚು ವ್ಯತ್ಯಾಸವಾದರೆ ಒಳಗಿನ ಹಲ್ಲುಚಕ್ರಗಳಿಗೆ ಪೆಟ್ಟು ಬೀಳುವುದರಿಂದ ಅಂಥ ಗಾಡಿಗಳಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಕ್ಷೇಮ. ಪಂಚರ್ ಅಥವಾ ಹೊಡೆತದಿಂದ ಒಂದೇ ಟೈರ್ ಹಾಳಾಗಿದ್ದರೆ, ಹೊಸದನ್ನು ಇದ್ದುದರಲ್ಲಿ ಹೆಚ್ಚು ಗೆರೆ ಉಳಿದಿರುವ ಟೈರಿನ ಜೊತೆ ಹಿಂದಿನ ಸಾಲಿಗೆ ಹಾಕಿಸಿ.

ಬಳಿಕ ನಾಲ್ಕಕ್ಕೂ ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವುದು), ಜೊತೆಗೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ ಸರಿಪಡಿಸುವುದು). ಹಳೆಯ ಮುಂದಿನ ಟೈರುಗಳ ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂಬ ಅನುಮಾನ ಬರಬೇಕು. ಅದನ್ನು ಸರಿಪಡಿಸದಿದ್ದರೆ ಈಗ ಮುಂದಕ್ಕೆ ಬಂದವುಗಳ ಗತಿಯೂ ಅದೇ. ಗಾಳಿಯ ಒತ್ತಡವನ್ನು ಚಾಲಕನ ಬಾಗಿಲ ಕಂಬದ ಮೇಲಿರುವ ಚೀಟಿಯಂತೆ ಹಿಡಿಸಿ, ಅಂಗಡಿಯವರ ಅಂದಾಜಿನಂತೆ ಬೇಡ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ಅಂಶ ಉಳಿದಿರುತ್ತದೆ. ಆದ್ದರಿಂದ ಮೊದಲ 200–300 ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಾಗಿಯೇ ಹೋಗಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಿ. ಮುಂದಿನ ಸರ್ವಿಸಿನಲ್ಲಿ ಮೆಕ್ಯಾನಿಕ್ ವಾಡಿಕೆಯಂತೆ ಟೈರುಗಳನ್ನು ಹಿಂದುಮುಂದು ಮಾಡಿ ಹೊಸದನ್ನು ಮುಂದಕ್ಕೆ ತಂದುಬಿಡುವ ಸಾಧ್ಯತೆಯಿದೆ. ಕೀಲಿಕೈ ಕೊಡುವಾಗಲೇ ಬೇಡವೆಂದು ಜಾಬ್ ಕಾರ್ಡಿನಲ್ಲಿ ಬರೆಸಿ.